ಮಗಳು ಐಎಫ್‌ಎಸ್ ಬೇಕು ಅಂತಿದ್ದಾಳೆ, ಅನುಭವ ಇದ್ದವರು ಹೇಳಿ

ಒಬ್ಬ ತಾಯಿ:
ಮಗಳು ಸಿವಿಲ್ ಸರ್ವಿಸಸ್ ಮೇನ್ಸ್ ಪಾಸಾಗಿದ್ದಾಳೆ. ತನಗೆ ವಿದೇಶಾಂಗ ಸೇವೆಯೇ ಬೇಕು ಅಂತಾಳೆ. "ಮೂರು ವರ್ಷಕ್ಕೊಂದು ದೇಶ ಅಂದರೆ ಮದುವೆ, ಮಕ್ಕಳ ಗತಿ ಏನು?" ಅಂತ ನಮ್ಮ ಅತ್ತೆಗೆ ಚಿಂತೆ. ಈ ಕೆಲಸದಲ್ಲಿ ಮೇಲಕ್ಕೇರಿದ ಹೆಣ್ಣುಮಕ್ಕಳನ್ನು ಬಲ್ಲವರು ಹೇಳಿ.

ಕೊಡಗಿನಿಂದ, ನಿವೃತ್ತ ಉದ್ಯೋಗಿ:
ನಿಮ್ಮ ಅತ್ತೆಗೆ ನಮ್ಮ ಸಿ.ಬಿ. ಮುತ್ತಮ್ಮ ಅವರ ಕಥೆ ಹೇಳಿ. ವಿರಾಜಪೇಟೆಯಲ್ಲಿ ಹುಟ್ಟಿದವರು, 1949ರಲ್ಲಿ ಐಎಫ್‌ಎಸ್ ಸೇರಿದ ಮೊದಲ ಮಹಿಳೆ. ಸಂದರ್ಶನದಲ್ಲೇ ಈ ಸೇವೆ ಬೇಡ ಅಂತ ಮನವೊಲಿಸಲು ನೋಡಿದ್ದರು. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆಸಿಕೊಂಡರು. ಹೆಣ್ಣು ಅಧಿಕಾರಿ ಮದುವೆಗೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು ಅಂತಲೂ ನಿಯಮ ಇತ್ತು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದೆ ಬಡ್ತಿ ತಪ್ಪಿದಾಗ ಸುಮ್ನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುವಾಗಲೇ ಬಡ್ತಿ ಸಿಕ್ಕಿದ್ದರಿಂದ ಅರ್ಜಿ ವಜಾ ಆಯಿತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಈ ತಾರತಮ್ಯದ ನಿಯಮಗಳನ್ನು ಸರಿಪಡಿಸಲೇಬೇಕು ಅಂದರು. ಕೆಲಸದಲ್ಲಿದ್ದುಕೊಂಡೇ ಸರ್ಕಾರದ ಮೇಲೆ ಕೇಸು ಹಾಕುವುದು ಎಂಥ ಗಟ್ಟಿತನ! 2001ರಲ್ಲಿ ಚೋಕಿಲಾ ಅಯ್ಯರ್ ವಿದೇಶಾಂಗ ಕಾರ್ಯದರ್ಶಿಯೇ ಆದರು. ಆಮೇಲೆ ನಿರುಪಮಾ ರಾವ್, ಸುಜಾತಾ ಸಿಂಗ್ ಬಂದರು.

ಅಧಿಕಾರಿಯೊಬ್ಬರ ಮಗಳು:
ಹತ್ತನೇ ಕ್ಲಾಸಿನೊಳಗೆ ನಾನು ಐದು ಶಾಲೆ ಬದಲಿಸಿದೆ. ಗೆಳತಿಯರನ್ನು ಬಿಟ್ಟು ಹೊರಡುವಾಗ ಪ್ರತಿ ಸಲ ಅತ್ತಿದ್ದೇನೆ, ಅದನ್ನು ಮುಚ್ಚಿಡಲ್ಲ. ಆದರೆ ಕೊಲ್ಲಿ ದೇಶದ ಒಂದು ರಾತ್ರಿ ನನಗೆ ಮರೆತಿಲ್ಲ. ಎರಡು ಗಂಟೆಗೆ ಫೋನು ಬಂತು. ಮನೆಗೆಲಸಕ್ಕೆ ಬಂದಿದ್ದ ಹೆಂಗಸೊಬ್ಬಳು ತಪ್ಪಿಸಿಕೊಂಡು ರಾಯಭಾರ ಕಚೇರಿಯ ಗೇಟಿನ ಹತ್ತಿರ ನಿಂತಿದ್ದಳು, ಪಾಸ್‌ಪೋರ್ಟ್ ಮಾಲೀಕನ ಹತ್ತಿರ ಇತ್ತು. ಅಮ್ಮ ನೈಟಿ ಮೇಲೇ ಕೋಟು ಹಾಕಿಕೊಂಡು, ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಹೊರಟರು. ಆಕೆ ಆಂಧ್ರದವಳು. ಅಮ್ಮನಿಗೆ ಬರುತ್ತಿದ್ದ ಅರೆಬರೆ ತೆಲುಗು ಕೇಳಿಯೇ ಅವಳು ಅಳು ನಿಲ್ಲಿಸಿದಳಂತೆ. ಎರಡು ವಾರದಲ್ಲಿ ತುರ್ತು ಪ್ರಯಾಣ ಪತ್ರ ಮಾಡಿಸಿ ಊರಿಗೆ ಕಳಿಸಿದರು. ಔತಣಕೂಟದ ಫೋಟೊ ನೋಡಿದವರಿಗೆ ಈ ಕೆಲಸ ಕಾಣಲ್ಲ.

ಸೇವೆಯಲ್ಲಿರುವವರ ಗಂಡ:
ನೀವು ಮಗಳ ಬಗ್ಗೆ ಕೇಳಿದ್ದೀರಿ. ಅಳಿಯನ ಬಗ್ಗೆಯೂ ಈಗಲೇ ಯೋಚಿಸಬೇಕು, ಅಲ್ವಾ? ಹೋದ ದೇಶದಲ್ಲಿ ಸಂಗಾತಿ ಸಂಬಳಕ್ಕೆ ದುಡಿಯಬೇಕಾದರೆ ಅಲ್ಲಿನ ಸರ್ಕಾರ ಒಪ್ಪಬೇಕು. ಕೆಲವು ದೇಶಗಳ ಜೊತೆ ಭಾರತಕ್ಕೆ ಇದಕ್ಕೆಂದೇ ಒಪ್ಪಂದ ಇದೆ, ಎಲ್ಲಾ ಕಡೆ ಇಲ್ಲ. ನಾನು ಒಂದು ಕಡೆ ಮೂರು ವರ್ಷ ಕೆಲಸವಿಲ್ಲದೆ ಇದ್ದೆ. ಮಗನನ್ನು ಶಾಲೆಗೆ ಬಿಟ್ಟು ಬಂದು ಖಾಲಿ ಮನೆಯಲ್ಲಿ ಕೂತಾಗ ತುಂಬಾ ಕಷ್ಟ ಆಗ್ತಿತ್ತು. ಮದುವೆಗೆ ಮುಂಚೆಯೇ ಇದೆಲ್ಲ ಮಾತಾಡಿಕೊಂಡಿದ್ದರಿಂದ ಅವಳ ಮೇಲೆ ಸಿಟ್ಟು ಬರಲಿಲ್ಲ. ಇನ್ನೊಂದು, ಎಲ್ಲರೂ ಒಂದು ವಿದೇಶಿ ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕು. ಯಾವ ಭಾಷೆ ಅನ್ನುವುದರ ಮೇಲೆ ಮುಂದಿನ ಪೋಸ್ಟಿಂಗ್ ಎಷ್ಟೋ ನಿಂತಿರುತ್ತೆ. ನನ್ನ ಹೆಂಡತಿಯದು ಅರೇಬಿಕ್.

ಅದೇ ತಾಯಿ:
ಎಲ್ಲರಿಗೂ ಧನ್ಯವಾದ. ಅತ್ತೆಗೆ ಮುತ್ತಮ್ಮ ಅವರ ಕಥೆ ಓದಿ ಹೇಳಿದೆ. ಮುಚ್ಚಳಿಕೆಯ ಮಾತು ಬಂದಾಗ "ಬರೆದುಕೊಡಬೇಕಾಯ್ತಾ ಪಾಪ?" ಅಂತ ಎರಡು ಸಲ ಕೇಳಿದರು. ಅರೇಬಿಕ್ ಕಲಿಯೋಕೆ ಎಷ್ಟು ಸಮಯ ಬೇಕಾಯ್ತು ಅಂತ ಮಗಳು ಕೇಳ್ತಿದ್ದಾಳೆ.