ಸಹಾಯ ಬೇಕು: ‘ಎಲರು’ ದಿನದ ಉತ್ತರ ಆಗಬಹುದಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಓದುಗರ ಗುಂಪಿಗೆ ವರ್ಡಲ್ ಥರದ (ದಿನಕ್ಕೊಂದು ಗುಟ್ಟಿನ ಪದ ಊಹಿಸೋ) ಕನ್ನಡ ಆಟ ಮಾಡ್ತಿದ್ದೀವಿ. ಮೂರು ಅಕ್ಷರದ ಪದ, ಆರು ಅವಕಾಶ.

ಅಕ್ಷರ ಎಣಿಸೋದು ಅರ್ಧ ಬಗೆಹರಿದಿದೆ. ಯೂನಿಕೋಡ್ (ಕಂಪ್ಯೂಟರಿನ ಲಿಪಿ ಸಂಕೇತ) ಲೆಕ್ಕದಲ್ಲಿ ‘ಅಕ್ಷರ’ ಅನ್ನೋ ಪದ 5 ಆಗುತ್ತೆ (ಅ, ಕ, ವಿರಾಮ ಅಂದ್ರೆ ಅರ್ಧಾಕ್ಷರದ ‘್’ ಗುರುತು, ಷ, ರ). ವಿರಾಮದ ಮುಂದಿನ ವ್ಯಂಜನವನ್ನ ಹಿಂದಿನದಕ್ಕೆ ಅಂಟಿಸಿ, ಸ್ವರಚಿಹ್ನೆಯನ್ನೂ ಸೇರಿಸಿದ್ಮೇಲೆ 3 ಬಂತು. ಆದ್ರೆ ‘ಎಲರ್’ ಥರ ವ್ಯಂಜನದಲ್ಲೇ ಮುಗಿಯೋ ಹಳಗನ್ನಡ ಪದಕ್ಕೆ ಅಂಟಿಸಲು ಮುಂದೇನೂ ಇಲ್ಲ. ಛಂದಸ್ಸಿನ ಪ್ರಕಾರ ಅದು ಎರಡೇ ಅಕ್ಷರ, ಪರದೆ ಮೇಲೆ ಮೂರು ಮನೆ. ಸದ್ಯಕ್ಕೆ ಅಂಥವನ್ನ ಬಿಟ್ಟು ‘ಎಲರು’ (ಗಾಳಿ) ಇಟ್ಟುಕೊಂಡಿದ್ದೀವಿ.

ನಿಜವಾದ ತಲೆನೋವು ಇಲ್ಲಿಂದ ಶುರು. ಕಿಟೆಲ್ ನಿಘಂಟು (1894), ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ 8 ಸಂಪುಟ ನೋಡಿದ್ರೆ ಅಪರೂಪದ ಪದಗಳಿಗೆ ಬರವಿಲ್ಲ. ‘ಲರು’ ಹಸಿರಾಯ್ತು (ಅಂದ್ರೆ ಆ ಅಕ್ಷರಗಳು ಸರಿಯಾದ ಜಾಗದಲ್ಲಿವೆ) ಅನ್ಕೊಳ್ಳಿ: ಅಲರು (ಹೂವು), ಎಲರು, ಕೆಲರು, ಹಲರು, ನಾಲ್ಕೂ ಸರಿ! ಪದ ಗೊತ್ತಿದ್ದವರೂ ಊಹೆಯಲ್ಲೇ ಅವಕಾಶ ಸುಡ್ತಾರೆ.

ಇಂಗ್ಲಿಷ್ ಆಟದ ಹಾಗೆ ಎರಡು ಪಟ್ಟಿ ಮಾಡಿ ನೋಡಿದ್ವಿ: ಉತ್ತರಕ್ಕೆ ಚಿಕ್ಕದು, ಊಹೆಗೆ ದೊಡ್ಡದು. ‘ಒರತೆ’, ‘ನೇಸರ’ ಉತ್ತರಕ್ಕೆ ಧಾರಾಳವಾಗಿ ಬರಲಿ. ‘ಕೆರೆಗೆ’, ‘ಮರದಿ’ ಥರದ ವಿಭಕ್ತಿ ರೂಪಗಳನ್ನ ಊಹೆಗೂ ಬಿಟ್ಟಿಲ್ಲ, ಬಿಟ್ಟರೆ ಪಟ್ಟಿಗೆ ಕೊನೆಯೇ ಇರಲ್ಲ.

ನಿಘಂಟು, ಪದಬಂಧ ಬಲ್ಲವರು ಹೇಳಿ: ‘ಅಲರು’, ‘ಎಲರು’ ಉತ್ತರದ ಪಟ್ಟಿಯಲ್ಲಿ ಇರಬೇಕಾ, ಊಹೆಗೆ ಮಾತ್ರ ಸಾಕಾ? ಇದನ್ನ ಯಾವ ಅಳತೆಗೋಲಿಂದ ತೀರ್ಮಾನಿಸ್ತೀರಿ?