ಮೂಲೆ ಸೈಟಿನ ಬಾಟಲಿ: ಇವತ್ತು ತೀರ್ಮಾನ ಆಗಲೇಬೇಕು

ಸವಿತಾ, 4ನೇ ಕ್ರಾಸ್ (ಬೆಳಿಗ್ಗೆ 8:10)
ರಾತ್ರಿ ಒಂದೂವರೆ ತನಕ ಮೂಲೆ ಸೈಟಿನಲ್ಲಿ ಬಾಟಲಿ ಒಡೆಯುವ ಸದ್ದು. ಕಾಂಪೌಂಡಿಗೆ ಎಸೆಯುವುದು, ಕೇಕೆ ಹಾಕುವುದು, ಮತ್ತೆ ಎಸೆಯುವುದು. ಬೆಳಿಗ್ಗೆ ಕಸದ ಗಾಡಿ ಅಕ್ಕ ಅಲ್ಲಿ ಬಿದ್ದಿದ್ದ ಕವರ್ ಎತ್ತಿದ್ದಾರೆ. ಒಳಗಿದ್ದ ಬಿಯರ್ ಬಾಟಲಿಯ ಕತ್ತು ಗ್ಲೌಸ್ ಸೀಳಿಕೊಂಡು ಅಂಗೈಗೆ ಹೊಕ್ಕಿದೆ. ಹೆಬ್ಬೆರಳಿನ ಬುಡದಿಂದ ರಕ್ತ ನಿಲ್ಲಲೇ ಇಲ್ಲ. ಸ್ಕೂಟರಿನಲ್ಲಿ ಕೂರಿಸಿಕೊಂಡು ಕ್ಲಿನಿಕ್‌ಗೆ ಹೋದೆ, ಹೊಲಿಗೆ ಹಾಕಿದ್ದಾರೆ. ಹೋದ ಸಲ ನಾಯಿಮರಿ ಕಾಲು, ಅದಕ್ಕೂ ಮುಂಚೆ ಹಾಲಿನ ಹುಡುಗನ ಟೈರು. ಇನ್ನು ಯಾರಿಗೆ ಏನಾಗಬೇಕು ಅಂತ ಕಾಯುತ್ತಿದ್ದೀರಿ ಎಲ್ಲರೂ?

ವೆಂಕಟೇಶ್, 2ನೇ ಮೇನ್
ನಾನು ಮೊದಲಿನಿಂದಲೂ ಹೇಳುತ್ತಿದ್ದೇನೆ. ಇದು ಪಿಜಿ ಹುಡುಗರ ಕೆಲಸ. ಸಿಸಿ ಕ್ಯಾಮೆರಾ ಹಾಕಿಸೋಣ ಅಂದಾಗ ದುಡ್ಡು ಕೊಡುವುದಕ್ಕೆ ಒಬ್ಬರೂ ಮುಂದೆ ಬರಲಿಲ್ಲ. ಈಗ ಅನುಭವಿಸಿ.

ನದೀಮ್, 5ನೇ ಕ್ರಾಸ್
ವೆಂಕಟೇಶ್ ಸರ್, ಪಿಜಿಯವರು ಅಂತ ನೋಡಿದವರು ಯಾರು? ಹೋದ ತಿಂಗಳು ಅಲ್ಲಿ ನಿಂತಿದ್ದ ಕಾರು ಯಾರ ಮನೆಯದು ಅಂತ ಎಲ್ಲರಿಗೂ ಗೊತ್ತು. ಬಾಯಿ ಬಿಡಿಸಬೇಡಿ.

ವೆಂಕಟೇಶ್, 2ನೇ ಮೇನ್
ಹೆಸರು ಹೇಳಿ. ಧೈರ್ಯ ಇದ್ದರೆ ಇಲ್ಲೇ ಹೇಳಿ.

ಪುಷ್ಪಾ, 1ನೇ ಕ್ರಾಸ್
*ಫಾರ್ವರ್ಡ್ ಸಂದೇಶ:* ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಜೀರಿಗೆ ನೀರು ಕುಡಿದರೆ ಆಗುವ ಲಾಭಗಳು...

ಗಿರೀಶ್, 3ನೇ ಕ್ರಾಸ್
ಒಂದು ನಿಮಿಷ ಜಗಳ ನಿಲ್ಲಿಸಿ. ನಮ್ಮ ಅತ್ತೆ ಮನೆ ತಮಿಳುನಾಡಿನ ನೀಲಗಿರಿ ಜಿಲ್ಲೆಯ ಗೂಡಲೂರು. ಅಲ್ಲೂ ಇದೇ ಕಥೆ ಇತ್ತು. ಪ್ರವಾಸಕ್ಕೆ ಬಂದವರು ಕಾಡಿನ ಅಂಚಿನಲ್ಲಿ ಕುಡಿದು ಬಾಟಲಿ ಎಸೆದು ಹೋಗುತ್ತಿದ್ದರು. ಗಾಜಿನ ಮೇಲೆ ಆನೆ ಕಾಲಿಡುತ್ತಿತ್ತು. ವಿಷಯ ಮದ್ರಾಸ್ ಹೈಕೋರ್ಟ್ ತನಕ ಹೋಯಿತು. 2022ರ ಮೇ ತಿಂಗಳಿಂದ ನೀಲಗಿರಿಯಲ್ಲಿ ಸರ್ಕಾರಿ ಮದ್ಯದಂಗಡಿ ಟಾಸ್ಮ್ಯಾಕ್‌ನವರು ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಳ್ಳಲು ಶುರು ಮಾಡಿದರು. ಖಾಲಿ ಬಾಟಲಿ ತಂದರೆ ಆ 10 ವಾಪಸ್. ಆಮೇಲೆ ಬೇರೆ ಜಿಲ್ಲೆಗಳಿಗೂ ಹೋಯಿತು. ಈಗ ಅಲ್ಲಿ ರಸ್ತೆ ಬದಿ ಬಾಟಲಿ ಬಿದ್ದಿದ್ದರೆ ಯಾರಾದರೂ ಎತ್ತಿಕೊಂಡೇ ಹೋಗುತ್ತಾರೆ. ನಮ್ಮ ಸೈಟಿನಲ್ಲಿ ಬಿದ್ದಿರುವುದಕ್ಕೆ ಬೆಲೆ ಇಲ್ಲ, ಅದಕ್ಕೇ ಬಿದ್ದಿದೆ.

ಮಂಜುಳಾ, 4ನೇ ಕ್ರಾಸ್
10 ರೂಪಾಯಿ ಸಿಗುತ್ತದೆ ಅಂದರೆ ನಮ್ಮನೆಯವರು ವಾಕಿಂಗ್ ತಪ್ಪಿಸುವುದೇ ಇಲ್ಲ 😄

ವೆಂಕಟೇಶ್, 2ನೇ ಮೇನ್
ಗಿರೀಶ್ ಅವರೇ, ರಾತ್ರಿ ಸಾವಿರ ರೂಪಾಯಿ ಕುಡಿಯುವವನು 10 ರೂಪಾಯಿಗೆ ಬಾಟಲಿ ಹಿಡಿದುಕೊಂಡು ಅಂಗಡಿಗೆ ಹೋಗುತ್ತಾನಾ? ಸುಮ್ನೆ ಮಾತು.

ನದೀಮ್, 5ನೇ ಕ್ರಾಸ್
ಅವನು ಹೋಗಬೇಕಿಲ್ಲ ಸರ್. ಎತ್ತಿದವರು ಯಾರೇ ಆಗಲಿ, 10 ರೂಪಾಯಿ ಅವರದು. ಅವನು ಎಸೆದ ಹತ್ತು ಬಾಟಲಿ ಚಿಂದಿ ಆಯುವವರಿಗೆ 100 ರೂಪಾಯಿ. ಈಗ ಗುಜರಿಯಲ್ಲಿ ಬಾಟಲಿಗೆ ಒಂದೆರಡು ರೂಪಾಯಿ ಸಿಕ್ಕರೆ ಹೆಚ್ಚು. ಇನ್ನೊಂದು ಮಾತು, ಒಡೆದ ಬಾಟಲಿಗೆ ದುಡ್ಡಿಲ್ಲ ಅಂದರೆ ಒಡೆಯುವ ಮೊದಲೇ ಎತ್ತುತ್ತಾರೆ.

ಕಾವ್ಯಾ, ಮ್ಯೂನಿಕ್ (ಅಮ್ಮನ ಮನೆ 1ನೇ ಮೇನ್)
ಇಲ್ಲಿ ನಾನು ದಿನಾ ನೋಡುತ್ತೇನೆ. ಜರ್ಮನಿಯಲ್ಲಿ ಒಂದೇ ಸಲ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನ್‌ಗೆ 25 ಸೆಂಟ್ ಠೇವಣಿ, 2003ರಿಂದ ಇದೆ. ತೊಳೆದು ಮತ್ತೆ ತುಂಬುವ ಬಿಯರ್ ಬಾಟಲಿಗೆ 8 ಸೆಂಟ್. ಸೂಪರ್‌ಮಾರ್ಕೆಟ್ಟಿನಲ್ಲಿ ಗೋಡೆಗೆ ಒಂದು ದುಂಡನೆಯ ತೂತು ಇರುತ್ತದೆ. ಅದರಲ್ಲಿ ಬಾಟಲಿ ಮಲಗಿಸಿದರೆ ಒಳಗಿನ ಯಂತ್ರ ತಿರುಗಿಸಿ ಬಾರ್‌ಕೋಡ್, ಆಕಾರ ನೋಡುತ್ತದೆ. ಸರಿ ಇದ್ದರೆ ಒಳಗೆ ಎಳೆದುಕೊಂಡು ಕೊನೆಗೆ ಚೀಟಿ ಕೊಡುತ್ತದೆ, ಬಿಲ್ ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ಲೇಬಲ್ ಹರಿದಿದ್ದರೆ ಬಾಟಲಿ ವಾಪಸ್ ಕೈಗೆ ಬರುತ್ತದೆ, ಎಷ್ಟು ಸಲ ಇಟ್ಟರೂ ಅಷ್ಟೇ. ಜನ ಬಾಟಲಿಯನ್ನು ಕಸದ ಡಬ್ಬಿಯ ಒಳಗೆ ಹಾಕದೆ ಪಕ್ಕದಲ್ಲಿ ಇಟ್ಟು ಹೋಗುತ್ತಾರೆ, ಆಯುವವರು ಕೈ ಹಾಕಿ ಗಾಯ ಮಾಡಿಕೊಳ್ಳಬಾರದು ಅಂತ. ಸವಿತಾ ಆಂಟಿ, ಆ ಅಕ್ಕ ಈಗ ಹೇಗಿದ್ದಾರೆ?

ಸವಿತಾ, 4ನೇ ಕ್ರಾಸ್
ಮನೆಗೆ ಕಳಿಸಿದ್ದೇನೆ ಪುಟ್ಟಾ. ನಾಳೆ ಡ್ರೆಸ್ಸಿಂಗ್ ಇದೆ. ರಜ ಹಾಕಿದರೆ ಸಂಬಳ ಹಿಡಿಯುತ್ತಾರೆ ಅಂತ ಅದೇ ಚಿಂತೆ ಅವರಿಗೆ.

ಇಷ್ಟೆಲ್ಲ ಇದ್ದರೆ ನಾವೇ ಯಾಕೆ ಶುರು ಮಾಡಬಾರದು? ಸಂಘದ ದುಡ್ಡಿನಲ್ಲಿ ಬಾಟಲಿಗೆ 5 ರೂಪಾಯಿ ಕೊಡೋಣ.

ರಘು, 1ನೇ ಮೇನ್
ಮೇಡಂ, ಅದು ನಡೆಯಲ್ಲ. ನಾನು ಮುಂಚೆ ಒಂದು ವೈನ್ ಸ್ಟೋರಿನ ಲೆಕ್ಕ ಬರೆಯುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ನಾವು 5 ಕೊಡುತ್ತೇವೆ ಅಂದ ಮಾರನೇ ದಿನ ಊರಿನ ಬಾಟಲಿಯೆಲ್ಲ ಮೂಟೆಯಲ್ಲಿ ನಮ್ಮ ಪಾರ್ಕಿಗೆ ಬರುತ್ತದೆ. ಠೇವಣಿ ಕಟ್ಟದ ಬಾಟಲಿಗೆ ಠೇವಣಿ ವಾಪಸ್ ಕೊಟ್ಟರೆ ಯಾವ ಸಂಘವೂ ಉಳಿಯಲ್ಲ.

ಇಲ್ಲಿ ಕ್ಯೂಆರ್ ಕೆಲಸಕ್ಕೆ ಬರುತ್ತದೆ. ಪ್ರತಿ ಬಾಟಲಿಗೂ ಬೇರೆ ಬೇರೆ ನಂಬರ್ ಇರಬೇಕು. ಮಾರುವಾಗ ಅಂಗಡಿಯವನು ಸ್ಕ್ಯಾನ್ ಮಾಡಿದರೆ ಆ ನಂಬರಿಗೆ 10 ರೂಪಾಯಿ ಜಮಾ. ವಾಪಸ್ ಬಂದಾಗ ಇನ್ನೊಂದು ಸ್ಕ್ಯಾನ್, ನಂಬರ್ ಮುಗಿಯಿತು. ಅದೇ ಸ್ಟಿಕರ್ ಜೆರಾಕ್ಸ್ ಮಾಡಿಸಿ ತಂದರೂ ಎರಡನೇ ಸಲ ದುಡ್ಡು ಬರಲ್ಲ. ಮಾಮೂಲಿ ಬಾರ್‌ಕೋಡ್ ಒಂದು ಬ್ರಾಂಡಿನ ಒಂದೇ ಅಳತೆಯ ಎಲ್ಲ ಬಾಟಲಿಗೂ ಒಂದೇ, ಅದು ಸಾಲದು.

ಲಲಿತಾ, 3ನೇ ಕ್ರಾಸ್
2022ರಲ್ಲಿ ಕೇದಾರನಾಥದಲ್ಲಿ ನೀರಿನ ಬಾಟಲಿಗೂ ಹೀಗೇ ಕ್ಯೂಆರ್ ಅಂಟಿಸಿ 10 ರೂಪಾಯಿ ಇಟ್ಟಿದ್ದರು. ಬೆಟ್ಟದ ಮೇಲೆ ಆಗುವುದು ಇಲ್ಲಿ ಆಗಲ್ಲವಾ?

ವೆಂಕಟೇಶ್, 2ನೇ ಮೇನ್
ತಮಿಳುನಾಡಿನಲ್ಲಿ ಅಂಗಡಿ ಸರ್ಕಾರದ್ದು. ಇಲ್ಲಿ ಹೆಚ್ಚಿನವು ಖಾಸಗಿ. ಖಾಲಿ ಬಾಟಲಿ ಇಟ್ಟುಕೊಳ್ಳುವುದಕ್ಕೆ ಯಾರು ಒಪ್ಪುತ್ತಾರೆ? ಕ್ಯಾಮೆರಾ ಹಾಕಿಸಿ, ಪೊಲೀಸರಿಗೆ ಕೊಡಿ, ಮುಗಿಯಿತು.

ರಘು, 1ನೇ ಮೇನ್
ಆ ಮಾತು ನಿಜ ಸರ್. ಟಾಸ್ಮ್ಯಾಕ್ ನೌಕರರೇ ಜಾಗ ಇಲ್ಲ, ಕೆಲಸ ಜಾಸ್ತಿ ಅಂತ ಗಲಾಟೆ ಮಾಡಿದ್ದರು. ಕೇರಳದಲ್ಲೂ 2025ರ ಸೆಪ್ಟೆಂಬರಿನಲ್ಲಿ 20 ರೂಪಾಯಿ ಠೇವಣಿ ಶುರು ಮಾಡಿದಾಗ ಮೊದಲು ತಿರುವನಂತಪುರ, ಕಣ್ಣೂರಿನ ಕೆಲವೇ ಅಂಗಡಿಗಳಲ್ಲಿ ಮಾಡಿ ನೋಡಿದರು. ಆದರೆ ನಮ್ಮಲ್ಲೂ ಒಂದು ಹಿಡಿತ ಇದೆ. ಅಂಗಡಿ ಯಾರದ್ದೇ ಆಗಲಿ, ಬಾಟಲಿ ಬರುವುದು ಸರ್ಕಾರದ ಪಾನೀಯ ನಿಗಮ ಕೆಎಸ್‌ಬಿಸಿಎಲ್‌ನ ಡಿಪೋದಿಂದ. ಮುಚ್ಚಳದ ಮೇಲೆ ಅಬಕಾರಿ ಲೇಬಲ್ ಹೇಗೂ ಅಂಟಿಸುತ್ತಾರೆ. ಠೇವಣಿಯನ್ನು ಡಿಪೋದಲ್ಲೇ ಹಿಡಿಯಬಹುದು. ಅಂಗಡಿಯವನಿಗೆ ಬಾಟಲಿಗೆ ಇಷ್ಟು ಅಂತ ಕೂಲಿ ಕೊಟ್ಟರೆ ಅವನು ಯಾಕೆ ಬೇಡ ಅನ್ನುತ್ತಾನೆ?

ಟೆಟ್ರಾ ಪ್ಯಾಕ್ ಮಾತ್ರ ಮರೆಯಬೇಡಿ. ಸೈಟಿನಲ್ಲಿ ಗಾಜಿಗಿಂತ ಜಾಸ್ತಿ ಬಿದ್ದಿರುವುದು ಆ 90, 180 ಎಂಎಲ್ ಪೊಟ್ಟಣಗಳೇ. ಗಾಜಿಗೆ ಮಾತ್ರ ಠೇವಣಿ ಇಟ್ಟರೆ ಎಲ್ಲ ಪೊಟ್ಟಣಕ್ಕೆ ಹೋಗುತ್ತಾರೆ.

ನದೀಮ್, 5ನೇ ಕ್ರಾಸ್
ವಾಪಸ್ ದುಡ್ಡು ಫೋನಿಗೆ ಮಾತ್ರ ಅಂತ ಮಾಡಿದರೆ ಆಯುವವರಿಗೆ ಮೋಸ. ಎಷ್ಟೋ ಜನರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ನಗದು ಕೊಡಬೇಕು ಅಂತ ಬರೆಯಿರಿ.

ಸವಿತಾ, 4ನೇ ಕ್ರಾಸ್
ಸರಿ. ಅಬಕಾರಿ ಇಲಾಖೆಗೆ ಅರ್ಜಿ ಕೊಡೋಣ. ಗಾಜು, ಕ್ಯಾನ್, ಟೆಟ್ರಾ ಎಲ್ಲಕ್ಕೂ ಠೇವಣಿ, ಪ್ರತಿಯೊಂದಕ್ಕೂ ಬೇರೆ ನಂಬರ್, ನಗದು ವಾಪಸ್. ಮೊದಲು ನಮ್ಮ ವಾರ್ಡಿನಲ್ಲೇ ಮಾಡಿ ನೋಡಲಿ. ಗಿರೀಶ್, ರಘು ಸೇರಿ ಬರೆಯಿರಿ. ಯಾರು ಯಾರು ಸಹಿ ಹಾಕುತ್ತೀರಿ?

ಮಂಜುಳಾ, 4ನೇ ಕ್ರಾಸ್
ನಾನು.

ಪುಷ್ಪಾ, 1ನೇ ಕ್ರಾಸ್
ನಾವು ಚಿಕ್ಕವರಿದ್ದಾಗ ಶೆಟ್ಟರ ಅಂಗಡಿಯಲ್ಲಿ ಸೋಡ ಬಾಟಲಿ ಮನೆಗೆ ತಂದರೆ ದುಡ್ಡು ಕಟ್ಟಬೇಕಿತ್ತು. ಬಾಟಲಿ ಕೊಟ್ಟ ಮೇಲೇ ವಾಪಸ್. ಆಗ ಯಾವ ಕೋಡೂ ಇರಲಿಲ್ಲ. ನಾನೂ ಸಹಿ ಹಾಕುತ್ತೇನೆ.

ವೆಂಕಟೇಶ್, 2ನೇ ಮೇನ್
ಸಂಘದ ಹೆಸರಿನಲ್ಲಿ ಅರ್ಜಿ ಕೊಡಬೇಕಾದರೆ ಕಮಿಟಿ ಒಪ್ಪಬೇಕು. ಹೀಗೆಲ್ಲ ಗುಂಪಿನಲ್ಲಿ ತೀರ್ಮಾನ ಮಾಡುವುದಕ್ಕೆ ಆಗಲ್ಲ. ಸೈಟ್ ಓನರ್‌ಗೆ ಮೊದಲು ನೋಟಿಸ್ ಕೊಡಿ. ಬೇಲಿ ಹಾಕದಿರುವುದು ಅವರ ತಪ್ಪು.

ಗಿರೀಶ್, 3ನೇ ಕ್ರಾಸ್
ಬೇಲಿ ಹಾಕಿದರೆ ಪಕ್ಕದ ಸೈಟಿಗೆ ಹೋಗುತ್ತಾರೆ ಸರ್.

ಲಲಿತಾ, 3ನೇ ಕ್ರಾಸ್
ಎಲ್ಲ ಸರಿ, ಆ ಮೂಲೆಯ ಕಂಬದಲ್ಲಿ ಲೈಟ್ ಎಷ್ಟು ದಿನದಿಂದ ಇಲ್ಲ? ಕತ್ತಲು ಇರುವುದಕ್ಕೇ ಅಲ್ಲಿ ಕೂರುತ್ತಾರೆ.

ಮಂಜುಳಾ, 4ನೇ ಕ್ರಾಸ್
ಹೌದು ಹೌದು, ದೀಪಾವಳಿಗೂ ಮುಂಚೆಯಿಂದ ಇಲ್ಲ. ನಮ್ಮ ಗೇಟ್ ಮುಂದಿನದೂ ಮಿಣಮಿಣ ಅನ್ನುತ್ತಿದೆ.

ವೆಂಕಟೇಶ್, 2ನೇ ಮೇನ್
ಇದು ಮಾತು! ಲೈಟಿನ ದೂರು ನಾನು ನೋಡಿಕೊಳ್ಳುತ್ತೇನೆ. ಎಲ್ಲರೂ ತಮ್ಮ ತಮ್ಮ ರಸ್ತೆಯಲ್ಲಿ ಕೆಟ್ಟಿರುವ ಕಂಬದ ನಂಬರ್ ಕಳಿಸಿ.

ಮಂಜುಳಾ, 4ನೇ ಕ್ರಾಸ್
ನಮ್ಮದು 17.

ನದೀಮ್, 5ನೇ ಕ್ರಾಸ್
5ನೇ ಕ್ರಾಸಿನಲ್ಲಿ ಎರಡು ಇವೆ. ಸಂಜೆ ನೋಡಿ ಹೇಳುತ್ತೇನೆ.

ಸವಿತಾ, 4ನೇ ಕ್ರಾಸ್
ಲೈಟ್ ಆಗಲಿ, ಬೇಡ ಅನ್ನಲ್ಲ. ಆದರೆ ಲೈಟ್ ಬಂದರೆ ಅವರು ಕತ್ತಲಿರುವ ಇನ್ನೊಂದು ಮೂಲೆ ಹುಡುಕುತ್ತಾರೆ. ಆ ಅಕ್ಕ ನಾಳಿದ್ದು ಅಲ್ಲೂ ಕಸ ಎತ್ತಬೇಕಲ್ಲ. ಅರ್ಜಿ ಏನಾಯಿತು?

ಗಿರೀಶ್, 3ನೇ ಕ್ರಾಸ್
ಸಂಜೆ ಬರೆದು ನಿಮ್ಮ ಮನೆಗೆ ತರುತ್ತೇನೆ ಅಕ್ಕ.

ವೆಂಕಟೇಶ್, 2ನೇ ಮೇನ್
ಅರ್ಜಿ ವಿಷಯ ಭಾನುವಾರ ಕಮಿಟಿಯಲ್ಲಿ ಮಾತಾಡೋಣ. ಈಗ ಕಂಬದ ನಂಬರ್ ಮಾತ್ರ ಹಾಕಿ, ಬೇರೆ ಮೆಸೇಜ್ ಬೇಡ.

ಪುಷ್ಪಾ, 1ನೇ ಕ್ರಾಸ್
ಇವತ್ತು ನೀರು ಬಿಟ್ಟಿದ್ದಾರಾ? ನಮ್ಮ ಸಂಪ್‌ಗೆ ಇನ್ನೂ ಬಂದಿಲ್ಲ.

ಸವಿತಾ, 4ನೇ ಕ್ರಾಸ್
ಸಹಿ ಹಾಕುವವರು ಸಂಜೆ 6ರ ಮೇಲೆ ನಮ್ಮ ಮನೆಗೆ ಬನ್ನಿ. ಸಂಘದ ಹೆಸರು ಬೇಡ ಅಂದರೆ ನಮ್ಮ ನಮ್ಮ ಹೆಸರಿನಲ್ಲೇ ಕೊಡುತ್ತೇವೆ. ದಪ್ಪ ಗ್ಲೌಸ್ ಎರಡು ಜೊತೆ ತರಿಸುತ್ತಿದ್ದೇನೆ, ದುಡ್ಡು ಸೇರಿಸುವವರು ಹೇಳಿ.

ಲಲಿತಾ, 3ನೇ ಕ್ರಾಸ್
ಗ್ಲೌಸ್‌ಗೆ ನಾನು ಕೊಡುತ್ತೇನೆ. 3ನೇ ಕ್ರಾಸಿಗೂ ನೀರು ಬಂದಿಲ್ಲ.