ನರ್ಸರಿ ತೊಟ್ಟಿಯ ಸಿಗಡಿ ಮರಿಗಳಿಗೆ ಆಹಾರ ಎಷ್ಟು, ಹೇಗೆ?

ಪ್ರಶ್ನೆ (ಕುಮಟಾ): ನರ್ಸರಿ ತೊಟ್ಟಿಗೆ ಪಿಎಲ್ 10 ಹಂತದ (ಪೋಸ್ಟ್ ಲಾರ್ವಾ ಆಗಿ ಸುಮಾರು ಹತ್ತು ದಿನವಾದ) ವನ್ನಾಮಿ ಸಿಗಡಿ ಮರಿಗಳನ್ನು ಬಿಟ್ಟಿದ್ದೇವೆ. ಚೀಲದ ಮೇಲಿನ ಪಟ್ಟಿಯಂತೆಯೇ ಆಹಾರ ಹಾಕುತ್ತಿದ್ದರೂ ಮರಿಗಳು ಒಂದೇ ಸಮನೆ ಬೆಳೆಯುತ್ತಿಲ್ಲ, ಕೆಲವು ಸಾಯುತ್ತಲೂ ಇವೆ. ಅನುಭವಸ್ಥರು ದಯವಿಟ್ಟು ತಿಳಿಸಿ.

ಕುಂದಾಪುರದಿಂದ: ಪಟ್ಟಿಯನ್ನು ಅಂದಾಜೆಂದು ಮಾತ್ರ ತಿಳಿಯಿರಿ, ಏಕೆಂದರೆ ತೊಟ್ಟಿಯಲ್ಲಿ ಈಗ ಎಷ್ಟು ಮರಿಗಳು ಉಳಿದಿವೆ ಎಂಬುದು ಅದರಲ್ಲಿ ಇರುವುದಿಲ್ಲ. ಚೆಕ್ ಟ್ರೇ (ಎಷ್ಟು ತಿಂದಿವೆ ಎಂದು ನೋಡಲು ಆಹಾರ ಹಾಕಿ ನೀರಿಗಿಳಿಸುವ ತಟ್ಟೆ) ನೋಡಿಯೇ ಮುಂದಿನ ಸರದಿಯ ಪ್ರಮಾಣವನ್ನು ನಿರ್ಧರಿಸಬೇಕು. ಟ್ರೇಗೆ ಬಂದ ಮರಿಗಳನ್ನು ನೀರಿನೊಡನೆ ಗಾಜಿನ ಲೋಟಕ್ಕೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ: ಪಾರದರ್ಶಕವಾದ ಮೈಯೊಳಗೆ ಕರುಳು ಬೆನ್ನುದ್ದಕ್ಕೂ ಕಂದು ಎಳೆಯಂತೆ ತುಂಬಿ ಕಂಡರೆ ಆಹಾರ ತಲುಪಿದೆ, ಅಲ್ಲಲ್ಲಿ ಕಡಿದಂತೆಯೋ ಖಾಲಿಯಾಗಿಯೋ ಕಂಡರೆ ಹಸಿವೋ ರೋಗವೋ ಎಂದು ಹುಡುಕಬೇಕು. ಸಿಗಡಿ ಆಹಾರದ ಕಾಳನ್ನು ಕಾಲುಗಳಲ್ಲಿ ಹಿಡಿದು ನಿಧಾನವಾಗಿ ಕೊರೆದು ತಿನ್ನುತ್ತದೆ, ಅಷ್ಟರಲ್ಲಿ ಪೋಷಕಾಂಶಗಳು ನೀರಿಗೆ ಕರಗುತ್ತವೆ. ಆದ್ದರಿಂದ ಅರ್ಧ ಮಿಲಿಮೀಟರ್‌ಗಿಂತ ಸಣ್ಣ ಪುಡಿಯಿಂದ ಆರಂಭಿಸಿ, ದಿನದ ಪಾಲನ್ನು ರಾತ್ರಿಯೂ ಸೇರಿ ಆರು ಅಥವಾ ಹೆಚ್ಚು ಸರದಿಗಳಲ್ಲಿ ಹಂಚಿ. ಪುಡಿಯನ್ನು ನೀರಿನಲ್ಲಿ ನೆನೆಸಿ ತೊಟ್ಟಿಯ ತುಂಬ ಸಮನಾಗಿ ಚಿಮುಕಿಸಿ. ಒಂದೇ ಮೂಲೆಗೆ ಸುರಿದರೆ ಬಲವಾದ ಮರಿಗಳೇ ತಿಂದು ಮುಂದೆ ಬೆಳೆಯುತ್ತವೆ, ಆಗತಾನೆ ಪೊರೆ ಕಳಚಿದ ಮೆತ್ತನೆಯ ಮರಿಗಳು ಅವುಗಳಿಗೇ ಆಹಾರವಾಗುತ್ತವೆ.

ನೆಲ್ಲೂರಿನ ಹ್ಯಾಚರಿಯಲ್ಲಿರುವ (ಸಿಗಡಿ ಮರಿ ಉತ್ಪಾದನಾ ಕೇಂದ್ರ) ಕನ್ನಡಿಗರಿಂದ: ಮೊದಲ ದಿನಗಳಲ್ಲಿ ಪುಡಿಯ ಜೊತೆ ಆರ್ಟೀಮಿಯಾ (ಸಿಗಡಿಯಂಥದೇ ಉಪ್ಪುನೀರಿನ ಪುಟ್ಟ ಜೀವಿ) ಮರಿಗಳನ್ನೂ ಕೊಡಿ. ಮೊಟ್ಟೆ ಒಡೆದ ಕೂಡಲೇ ಕೊಟ್ಟರೆ ಅವುಗಳೊಳಗಿನ ಪೋಷಣೆ ಸಂಪೂರ್ಣ ಸಿಗುತ್ತದೆ, ತಡಮಾಡಿದಷ್ಟೂ ಕಡಿಮೆಯಾಗುತ್ತದೆ. ಬೆಳಕಿನ ಕಡೆಗೆ ಈಜಿ ಬರುವ ಆರ್ಟೀಮಿಯಾ ಮರಿಗಳನ್ನು ಸೋಸಿ ತೆಗೆದರೆ ಖಾಲಿ ಚಿಪ್ಪುಗಳು ಹಿಂದುಳಿಯುತ್ತವೆ.

ಅಂಕೋಲಾದಿಂದ: ಮೇಲಿನ ಎರಡೂ ಮಾತುಗಳನ್ನು ಒಪ್ಪುತ್ತೇನೆ, ಆದರೆ ಹಸಿವಿಗಿಂತ ಮಿಕ್ಕ ಆಹಾರವೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ. ಪ್ರೋಟೀನ್ ಕೊಳೆತು ಅಮೋನಿಯಾ ಆಗುತ್ತದೆ. ಮಧ್ಯಾಹ್ನ ಪಿಎಚ್ (ನೀರಿನ ಆಮ್ಲ-ಕ್ಷಾರ ಮಟ್ಟ) ಏರಿದಾಗ ಅದೇ ಅಮೋನಿಯಾ ಹೆಚ್ಚು ವಿಷಕಾರಿಯಾಗುತ್ತದೆ. ವಿದ್ಯುತ್ ಹೋಗಿ ನೀರಿಗೆ ಗಾಳಿ ಊಡುವ ಏರೇಟರ್ ನಿಂತಾಗ ಆ ಸರದಿಯನ್ನೇ ಬಿಟ್ಟುಬಿಡಿ. ದೊಡ್ಡ ಮಳೆ ಬಂದು ಉಪ್ಪಿನಂಶವೂ ಉಷ್ಣಾಂಶವೂ ಕುಸಿದಾಗ ಮರಿಗಳು ತಿನ್ನುವುದನ್ನು ಕಡಿಮೆ ಮಾಡುತ್ತವೆ, ಆ ದಿನ ಪ್ರಮಾಣವನ್ನು ತಗ್ಗಿಸಿ. ತೊಟ್ಟಿಯ ಅಮೋನಿಯಾ, ಪಿಎಚ್ ಮತ್ತು ಮುಂಜಾವಿನ ಆಮ್ಲಜನಕದ ಅಳತೆಗಳನ್ನು ತಿಳಿಸಿದರೆ ಸಾವಿನ ಕಾರಣದ ಬಗ್ಗೆ ಇನ್ನಷ್ಟು ಖಚಿತವಾಗಿ ಹೇಳಬಹುದು.